ಬನಿಯಾಸಿನ ಮಾಳಿಗೆ

ರಾಯಚೂರು, ಹೊರಡುವ ದಿನ

ಬೇಸಿಗೆಯಲ್ಲಿ ಜನ ತಂಪಿನ ಊರಿಗೆ ಹೋಗುತ್ತಾರೆ. ನಾನು ಮೇ ತಿಂಗಳ ಕೊನೆಯಲ್ಲಿ ರಾಯಚೂರು ಬಿಟ್ಟು ದುಬೈಗೆ ಹೊರಟೆ. ಬಾಣಲೆಯಿಂದ ಬೆಂಕಿಗೆ ಎಂದು ಓಣಿಯವರು ನಕ್ಕರು. ತಮ್ಮನ ಮಗಳು ವಿದ್ಯಾ ಅಬುಧಾಬಿಯಲ್ಲಿದ್ದಾಳೆ. ನಾಲ್ಕು ವರ್ಷದಿಂದ ಕರೆಯುತ್ತಿದ್ದವಳು ಈ ಸಲ ಟಿಕೆಟನ್ನೇ ಕಳಿಸಿಬಿಟ್ಟಿದ್ದಳು. ಪುಕ್ಕಟೆ ಸಿಕ್ಕ ಪ್ರವಾಸಕ್ಕೆ ಹವಾಮಾನ ಕೇಳಬಾರದು. ಮೊಣಕಾಲು ನೋವಿನ ನೆಪ ಹೇಳಿ ಹೆಂಡತಿ ಮನೆಯಲ್ಲೇ ಉಳಿದಳು.

ನಮ್ಮ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಶೈಲಾ ಎಂಬ ನರ್ಸ್ ಐದು ವರ್ಷದಿಂದ ಬಾಡಿಗೆಗಿದ್ದಾಳೆ. ಆಕೆಗೆ ಯಾವಾಗಲೂ ರಾತ್ರಿ ಪಾಳಿ, ಹಗಲು ನಿದ್ದೆ. ನಾನು ಪೆಟ್ಟಿಗೆ ಹಿಡಿದು ಇಳಿಯುವಾಗ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಳು.

“ಕಾಕಾ, ಅಲ್ಲಿ ಬಿಸಲಿಗೆ ಏನ್ ಮಾಡ್ತಾರ ಅಂತ ಒಂದೀಟು ನೋಡ್ಕೊಂಡ್ ಬರ್ರಿ” ಎಂದಳು.

“ಬಿಸಲಿಗೆ ಅಂಜಿದ್ರ ರಾಯಚೂರಾಗ ಬಾಳೇವು ಮಾಡಾಕ ಆಗತೈತೇನವ್ವಾ” ಎಂದು ನಕ್ಕು ಆಟೋ ಹತ್ತಿದೆ. ಪ್ರತಿ ಬೇಸಿಗೆಯಲ್ಲೂ ಆಕೆ ಮೇಲಿನ ಕೋಣೆಯ ಕಾವಿನ ಬಗ್ಗೆ ಏನಾದರೂ ಹೇಳುತ್ತಾಳೆ, ನಾನು ಇದೇ ಉತ್ತರ ಕೊಡುತ್ತೇನೆ. ಮೂವತ್ತು ವರ್ಷ ಮನೆ ಕಟ್ಟಿಸುವ ಗುತ್ತಿಗೆ ಮಾಡಿದವನಿಗೆ ದೂರುಗಳು ಕಿವಿಯ ಹೊರಗೇ ಉಳಿಯುತ್ತವೆ.

ಅಲ್ ಮುರಕ್ಕಬಾತ್

ಮೊದಲ ಎರಡು ದಿನ ದುಬೈಯ ಈ ಗಿಜಿಗಿಜಿ ಬಡಾವಣೆಯ ಸಣ್ಣ ಹೋಟೆಲಿನಲ್ಲಿ ತಂಗಿದ್ದೆ. ಒಂಟಿಯಾಗಿ ದುಬೈ ನೋಡುತ್ತೇನೆಂಬ ಹುಮ್ಮಸ್ಸು. ನೋಡಿದ್ದು ಮಾತ್ರ ಅಂಗಡಿಗಳ ಒಳಗನ್ನು. ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಹಬೆ ಕೂರುತ್ತಿತ್ತು, ಒಳಗೆ ಹೋದರೆ ಹಲ್ಲು ಕಟಕಟ ಎನ್ನುತ್ತಿತ್ತು. ಮರಳುನಾಡಿಗೆ ಬಂದು ನೆಗಡಿ ಹಿಡಿಸಿಕೊಂಡೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ.

ಮೊದಲ ದಿನವೇ ಸ್ನಾನದ ಮನೆಯಲ್ಲಿ ಒಂದು ಫಜೀತಿಯಾಯಿತು. ತಣ್ಣೀರಿನ ನಲ್ಲಿ ತಿರುಗಿಸಿದರೆ ಸುಡುವ ನೀರು. ಐದು ನಿಮಿಷ ಬಿಟ್ಟರೂ ಹಾಗೆಯೇ. ಪೈಪು ಅದಲು ಬದಲಾಗಿದೆ, ಪ್ಲಂಬರ್ ಎಂಥವನೋ ಎಂದು ಬೈಯುತ್ತ ಟವೆಲು ಸುತ್ತಿಕೊಂಡೇ ರಿಸೆಪ್ಷನ್ನಿಗೆ ಫೋನು ಮಾಡಿದೆ. ಅಲ್ಲಿದ್ದ ಹೆಂಗಸು ಕಾಸರಗೋಡಿನವರು, ನನ್ನ ಇಂಗ್ಲಿಷ್ ಕೇಳಿದ ಕೂಡಲೇ ಕನ್ನಡಕ್ಕೆ ಬಂದರು.

“ಅದು ಹಾಗೆಯೇ ಸಾರ್. ಟ್ಯಾಂಕ್ ಬಿಸಿಲಲ್ಲಿ ಉಂಟಲ್ಲ. ನೀವು ಗೀಸರ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ತಿರುಗಿಸಿ. ತಣ್ಣಗೆ ಬರ್ತದೆ.”

ಹಾಗೆಯೇ ಮಾಡಿದೆ. ಬಿಸಿನೀರಿನ ನಲ್ಲಿಯಿಂದ ಹಿತವಾದ ತಣ್ಣೀರು ಬಂತು. ಗೀಸರಿನ ಡಬ್ಬಿ ಕೋಣೆಯ ತಂಪಿನೊಳಗಿದೆ, ಅದರ ಸುತ್ತ ದಪ್ಪ ಹೊದಿಕೆಯಿದೆ. ಕಾವನ್ನು ಹೊರಗೆ ಬಿಡದ ಹೊದಿಕೆ ಕಾವನ್ನು ಒಳಗೂ ಬಿಡುವುದಿಲ್ಲ. ಸೋಪು ಹಚ್ಚಿಕೊಳ್ಳುತ್ತ ನಾನು ಇದನ್ನೊಂದು ತಮಾಷೆ ಎಂದುಕೊಂಡೆನೇ ಹೊರತು ಪಾಠ ಎಂದುಕೊಳ್ಳಲಿಲ್ಲ.

ಅಬುಧಾಬಿಯ ಬಸ್ಸು

ಬಸ್ಸಿನಲ್ಲಿ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ ಪಕ್ಕದ ಸೀಟಿನವರು ತಿರುಗಿ ಕುಳಿತಿದ್ದರು.

“ನೀವು ಕನ್ನಡದವರಾ? ಯಾವ ಕಡೆಯ ಕನ್ನಡ ಮಾರಾಯ್ರೆ ಅದು, ಅರ್ಧ ಅರ್ಥ ಆಯ್ತು.”

ಹೆಸರು ಹಮೀದ್. ಬಂಟ್ವಾಳದ ಕಡೆಯ ಬ್ಯಾರಿ, ವಯಸ್ಸು ಮೂವತ್ತೈದರ ಆಸುಪಾಸು. ಅಬುಧಾಬಿಯ ಹೊರಗಿನ ಬನಿಯಾಸಿನಲ್ಲಿ ಸಣ್ಣ ದಿನಸಿ ಅಂಗಡಿ, ಸಾಮಾನು ಗೊತ್ತುಮಾಡಲು ದುಬೈಗೆ ಬಂದಿದ್ದರು. ಮೂರು ವರ್ಷ ಕಾದು ಹೆಂಡತಿ ಝೊಹರಾಳನ್ನೂ ನಾಲ್ಕು ವರ್ಷದ ಮಗಳು ರಿಝಾಳನ್ನೂ ಕಳೆದ ಚಳಿಗಾಲದಲ್ಲಿ ಕರೆಸಿಕೊಂಡಿದ್ದರಂತೆ. ಈಗ ಮುಂದಿನ ಶುಕ್ರವಾರಕ್ಕೆ ಇಬ್ಬರಿಗೂ ಮಂಗಳೂರಿನ ಟಿಕೆಟ್ ಮಾಡಿದ್ದಾರೆ.

“ಯಾಕ್ರಿ, ಜಗಳ ಏನರೆ ಮಾಡಿದ್ರೇನು?” ಎಂದೆ. ನನ್ನ ನಾಲಿಗೆಗೆ ಲಗಾಮಿಲ್ಲ.

ಹಮೀದ್ ಬೇಸರಪಟ್ಟುಕೊಳ್ಳಲಿಲ್ಲ. “ಜಗಳ ಆದ್ರೆ ಸರಿ ಮಾಡ್ಬಹುದಿತ್ತು. ರೂಮು ಮೇಲಿನ ಮಾಳಿಗೆಯಲ್ಲಿ ಅಂಕಲ್. ಏಸಿ ಇಪ್ಪತ್ನಾಲ್ಕು ಗಂಟೆ ಓಡ್ತದೆ, ಒಂದು ನಿಮಿಷ ನಿಲ್ಲುದಿಲ್ಲ, ಆದ್ರೂ ಒಳಗೆ ಒಲೆ. ಮಗುವಿಗೆ ಮೈಯೆಲ್ಲ ಬೆವರುಗುಳ್ಳೆ, ನಿದ್ದೆ ಇಲ್ಲ. ಇದಿನ್ನೂ ಶುರು. ಜುಲೈ, ಆಗಸ್ಟ್ ಬಾಕಿ ಉಂಟು. ಕಳಿಸ್ಲೇಬೇಕು.”

“ಮಳೆ ಬಂದ ಮ್ಯಾಲ ವಾಪಸ್ ಕರೆಸ್ಕೋರಿ.”

“ಇಲ್ಲಿ ಎಂತ ಮಳೆ. ಒಮ್ಮೆ ಹೋದ್ರೆ ಖಲಾಸ್. ಶಾಲೆ ಅಲ್ಲಿ ಸೇರ್ತದೆ ಮಗು, ಮತ್ತೆ ನಾನು ಇಲ್ಲಿ, ಅವರು ಅಲ್ಲಿ. ವಿಡಿಯೋ ಕಾಲಲ್ಲಿ ಅಪ್ಪ ಆಗಿ ಸಾಕಾಯ್ತು ನಂಗೆ.”

ಅವರು ಕಿಟಕಿಯಾಚೆ ನೋಡತೊಡಗಿದರು. ನಾನು ಸುಮ್ಮನಿರಬಹುದಿತ್ತು. ಆದರೆ ಮಾಳಿಗೆ ಎಂಬ ಮಾತು ಕೇಳಿದರೆ ನನಗೆ ತಡೆಯದು. ರಾಯಚೂರಿನ ಬಿಸಿಲಲ್ಲಿ ಮೂವತ್ತು ವರ್ಷ ಮಾಳಿಗೆ ಹಾಕಿದವನು ನಾನು, ನಿಮ್ಮ ಮಾಳಿಗೆಯನ್ನು ತಂಪು ಮಾಡುವುದು ಒಂದು ಸಂಜೆಯ ಕೆಲಸ, ಟಿಕೆಟ್ ಕ್ಯಾನ್ಸಲ್ ಮಾಡಿಕೊಳ್ಳಿ ಎಂದುಬಿಟ್ಟೆ. ಹಮೀದ್ ನನ್ನ ನಂಬರ್ ಬರೆದುಕೊಂಡರು.

ಅಲ್ ರೀಮ್ ಐಲ್ಯಾಂಡ್

ವಿದ್ಯಾಳ ಮನೆ ಮೂವತ್ತೊಂದನೆಯ ಮಹಡಿಯಲ್ಲಿದೆ. ಗೋಡೆಯ ಬದಲು ಗಾಜು. ಇಷ್ಟು ಗಾಜಿನ ಮನೆಯನ್ನು ನಮ್ಮೂರಲ್ಲಿ ಕಟ್ಟಿದರೆ ಹಪ್ಪಳ ಒಣಗಿಸಲು ಬಾಡಿಗೆಗೆ ಕೊಡಬಹುದು. ಇಲ್ಲಿ ಮಾತ್ರ ಮಧ್ಯಾಹ್ನ ಗಾಜಿಗೆ ಅಂಗೈ ಇಟ್ಟರೆ ಬರೀ ಬೆಚ್ಚಗಿತ್ತು. ಎರಡು ಪದರ ಗಾಜು, ನಡುವೆ ಗಾಳಿ ಕೂಡಿಹಾಕಿದ್ದಾರೆ ಎಂದು ವಿದ್ಯಾ ಹೇಳಿದಳು. ಮನೆಯಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಂಡು ಬಿಸಿಲಿನ ಬಗ್ಗೆ ಮಾತಾಡುತ್ತಿದ್ದರು.

ಅವಳ ಮಗಳು ಅನಿಗೆ ಏಳು ವರ್ಷ. ಕಿಟಕಿ ತೆಗೆಯೋದು ಹ್ಯಾಂಗ ಪುಟ್ಟಿ ಎಂದು ಕೇಳಿದೆ. “ಅಜ್ಜ, ಇಟ್ ಡಸಂಟ್ ಓಪನ್” ಎಂದಳು. ಕಿಟಕಿ ಯಾಕೆ ತೆಗೆಯಬೇಕು ಎಂಬುದು ಅವಳಿಗೆ ಅರ್ಥವಾಗಲಿಲ್ಲ. ಹೊಸಿಲಿನಲ್ಲಿ ಕೂತು ಗಾಳಿ ತೆಗೆದುಕೊಳ್ಳುವ ನನ್ನ ಅಭ್ಯಾಸವನ್ನು ವಿವರಿಸಿದಾಗ ಕರುಣೆಯಿಂದ ನನ್ನ ಕೈ ಸವರಿದಳು.

ಭಾನುವಾರ ಹಮೀದರ ಫೋನು ಬಂತು. ನಾನು ಆ ಮಾತನ್ನು ಮರೆತೇಬಿಟ್ಟಿದ್ದೆ, ಅವರು ಮರೆತಿರಲಿಲ್ಲ. “ಬಸ್ಸಲ್ಲಿ ಸಿಕ್ಕವರಿಗೆಲ್ಲ ಮಾತು ಕೊಡ್ತೀರಲ್ಲ ದೊಡ್ಡಪ್ಪ” ಎಂದು ಗೊಣಗುತ್ತ ವಿದ್ಯಾ ನನ್ನನ್ನು ಬನಿಯಾಸಿಗೆ ಬಿಟ್ಟು ಹೋದಳು.

ಬನಿಯಾಸ್, ಭಾನುವಾರ ಸಂಜೆ

ಬನಿಯಾಸಿನಲ್ಲಿ ಮನೆಗಳು ನೆಲಕ್ಕೆ ಅಂಟಿಕೊಂಡಿವೆ. ಮಣ್ಣಿನ ಬಣ್ಣದ ಗೋಡೆಗಳು, ಎತ್ತರದ ಕಾಂಪೌಂಡು, ಗೇಟಿನ ಹೊರಗೆ ಕಳಚಿಟ್ಟ ಚಪ್ಪಲಿಗಳು. ನನಗೆ ಒಮ್ಮೆಲೇ ನಮ್ಮ ಕಡೆಗೆ ಬಂದಂತಾಯಿತು. ಹಮೀದ್ ಇದ್ದದ್ದು ಒಬ್ಬ ಮುದುಕ ಅರಬನ ಹಳೆಯ ಮನೆಯ ಮೇಲ್ಮಹಡಿಯಲ್ಲಿ. ಮಾಲೀಕರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಾರೆ. ಅವರು ಅದೇ ಕಾಂಪೌಂಡಿನಲ್ಲಿ ಮಗನಿಗೆ ಹೊಸ ಮನೆ ಕಟ್ಟಿಸುತ್ತಿದ್ದರು.

ಝೊಹರಾ ಬಾಗಿಲು ತೆರೆದು, “ಬನ್ನಿ ಅಂಕಲ್, ಇವರು ನಾಲ್ಕು ದಿನದಿಂದ ನಿಮ್ಮ ವಿಷಯವೇ ಮಾತಾಡುದು” ಎಂದರು. ಮಂಚದ ಪಕ್ಕದಲ್ಲಿ ಸೂಟ್‌ಕೇಸ್ ತೆರೆದಿತ್ತು. ಮಗು ಚಡ್ಡಿಯಲ್ಲೇ ನೆಲದ ಮೇಲೆ ಹೊರಳಾಡುತ್ತಿತ್ತು, ಕತ್ತಿನ ತುಂಬ ಕೆಂಪು ಗುಳ್ಳೆ. ಗೋಡೆಯ ಏಸಿ ಲಾರಿಯಂತೆ ಸದ್ದು ಮಾಡುತ್ತಿತ್ತು. ನೆತ್ತಿಯ ಮೇಲೆ ಯಾರೋ ಬಿಸಿ ಹಂಚು ಹಿಡಿದಂತೆ ಛಾವಣಿಯಿಂದ ಕಾವು ಇಳಿಯುತ್ತಿತ್ತು. ಮೇಲೆ ಹೋಗಿ ನೋಡಿದರೆ ಬೋಳು ಕಾಂಕ್ರೀಟು. ನಾನು ಹಾಕಿಸುವಂಥದ್ದೇ.

ನಮ್ಮೂರಿನ ಔಷಧಿ ಎಲ್ಲರಿಗೂ ಗೊತ್ತು. ಬೇಸಿಗೆಯ ಸಂಜೆ ಮಾಳಿಗೆಯ ಮೇಲೆ ಗೋಣಿತಟ್ಟು ಹಾಸಿ ನೀರು ಹೊಡೆದರೆ ಒಂದು ತಾಸಿನಲ್ಲಿ ಮನೆ ತಣ್ಣಗಾಗುತ್ತದೆ. ಹಮೀದರ ಅಂಗಡಿಯಲ್ಲಿ ಬಾಸ್ಮತಿ ಅಕ್ಕಿಯ ಸೆಣಬಿನ ಚೀಲಗಳು ರಾಶಿ ಇದ್ದವು. ಬಿಚ್ಚಿ ಹಾಸಿದೆವು. ಟ್ಯಾಂಕಿನ ನೀರು ಸುಡುತ್ತಿತ್ತು. ಹಮೀದ್ ಅಂಗಡಿಯಿಂದ ಐಸ್ ಚೀಲಗಳನ್ನು ತಂದು ಬಕೆಟ್ಟಿಗೆ ಸುರಿದರು. ಬನಿಯಾಸಿನ ಒಂದು ಮಾಳಿಗೆಗೆ ಆ ಸಂಜೆ ಶರಬತ್ತಿನ ಉಪಚಾರ ಸಿಕ್ಕಿತು. ಎಂಟು ಬಕೆಟ್ ಹೊಯ್ದು, ನಾಳೆ ನೋಡ್ರಿ ಎಂದು ಹೇಳಿ, ಅವರು ಕೊಟ್ಟ ಪತ್ತಿರ್ ತಿಂದು ಹೊರಟೆ. ಅಕ್ಕಿಹಿಟ್ಟಿನ ಆ ರೊಟ್ಟಿ ಚೆನ್ನಾಗಿತ್ತು. ಎರಡು ಸಲ ಬಡಿಸಿಕೊಂಡೆ ಎಂಬುದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬನಿಯಾಸ್, ಸೋಮವಾರ

ಬೆಳಿಗ್ಗೆ ಹಮೀದ್ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಅಂಕಲ್, ಒಮ್ಮೆ ಬರ್ತೀರಾ?”

ಗೋಣಿತಟ್ಟು ಒಣಗಿರಲೇ ಇಲ್ಲ. ನಮ್ಮಲ್ಲಿ ಸಂಜೆಯ ಗಾಳಿ ಒಣಗಾಳಿ. ಅದು ನೀರನ್ನು ಎತ್ತಿಕೊಂಡು ಹೋಗುತ್ತದೆ, ಜೊತೆಗೆ ಕಾವನ್ನೂ. ಇಲ್ಲಿ ಹೊತ್ತು ಮುಳುಗಿದ ಮೇಲೆ ಸಮುದ್ರದ ಗಾಳಿ ಬರುತ್ತದೆ, ಆ ಗಾಳಿಯೇ ಒಂದು ತೊಯ್ದ ಬಟ್ಟೆ. ಅದು ಇನ್ನೊಬ್ಬರ ನೀರನ್ನು ಎಲ್ಲಿ ಎತ್ತಿಕೊಂಡೀತು? ನನ್ನ ಕನ್ನಡಕದ ಹಬೆಯೇ ಇದನ್ನು ಮುರಕ್ಕಬಾತಿನಲ್ಲಿ ಮೂರು ಹೊತ್ತೂ ಹೇಳಿತ್ತು. ಚೀಲಗಳು ಮುಗ್ಗಲು ಹಿಡಿದು ನಾರುತ್ತಿದ್ದವು. ಛಾವಣಿಯಲ್ಲಿ ಕೂದಲೆಳೆಯಂಥ ಬಿರುಕಿತ್ತು, ಅದರೊಳಗಿಂದ ನೀರು ಜಿನುಗಿ ರಾತ್ರಿ ಹಾಸಿಗೆಯನ್ನು ತೋಯಿಸಿತ್ತು.

ಝೊಹರಾ ಒಂದು ಮಾತೂ ಬೈಯಲಿಲ್ಲ. “ಪರವಾಗಿಲ್ಲ ಅಂಕಲ್, ನೀವು ನಮಗೋಸ್ಕರ ಮಾಡಿದ್ದಲ್ವಾ” ಎಂದು ಒದ್ದೆ ಹಾಸಿಗೆಯನ್ನು ಮಡಚಿದರು. ಆಮೇಲೆ ಕಪಾಟಿನಿಂದ ಚಳಿಗಾಲದ ಕಂಬಳಿ ತೆಗೆದು ಸೂಟ್‌ಕೇಸಿನ ತಳಕ್ಕೆ ಹಾಕಿದರು. ಅದರ ಮೇಲೆ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಜೋಡಿಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ನಿಂತಲ್ಲೇ ಕುಗ್ಗಿಹೋದೆ.

ಅಷ್ಟರಲ್ಲಿ ಅರ್ಬಾಬ್ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಹಿಂದಿನ ಸಂಜೆ ಮಾಳಿಗೆಯ ನೀರು ಹೊರಬೀಳುವ ದೋಣಿಯಿಂದ ನೀರು ಸುರಿಯುವುದನ್ನು ಕಂಡಿದ್ದರಂತೆ. ಹರೆಯದಲ್ಲಿ ಬೊಂಬಾಯಿಯ ವ್ಯಾಪಾರಿಗಳ ಜೊತೆ ಇದ್ದವರು, ನನಗಿಂತ ಸಲೀಸಾದ ಹಿಂದಿ. ನಮ್ಮ ಜೊತೆ ಮಾಳಿಗೆಗೆ ಬಂದು ಗೋಣಿತಟ್ಟು ನೋಡಿ, ಇದೇನು ಅಕ್ಕಿ ನೆನೆಹಾಕಿದ್ದೀರಾ ಎಂದು ಕೇಳಿದರು. ನಾನು ತಪ್ಪೊಪ್ಪಿಕೊಂಡೆ. ಅವರು ನಗಲಿಲ್ಲ. ಕೋಲಿನಿಂದ ಕಾಂಕ್ರೀಟು ಕುಟ್ಟಿ, ನಮ್ಮ ತಾಯಿಯ ಮನೆಗೆ ಖರ್ಜೂರದ ಗರಿ, ಅದರ ಮೇಲೆ ಇಷ್ಟು ಮಣ್ಣು ಎಂದು ಗೇಣು ತೋರಿಸಿದರು. ಆಗ ಕರೆಂಟೂ ಇರಲಿಲ್ಲ, ದೂರೂ ಇರಲಿಲ್ಲವಂತೆ. ನಿಮ್ಮಲ್ಲಿ ಏನಿತ್ತು ಎಂದು ನನ್ನನ್ನು ಕೇಳಿದರು.

ನಮ್ಮಲ್ಲಿ ತೊಲೆ, ಜಂತಿ, ಅದರ ಮೇಲೆ ಮೊಳ ದಪ್ಪದ ಮಣ್ಣು ಇತ್ತು. ಅವ್ವ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹೊತ್ತು ಹಾಕುತ್ತಿದ್ದಳು. ಎಂಥ ಬೇಸಿಗೆಯಲ್ಲೂ ಆ ಪಡಸಾಲೆಯಲ್ಲಿ ಮಧ್ಯಾಹ್ನ ಸುಖವಾದ ನಿದ್ದೆ. ಅದನ್ನು ಕೆಡವಿಸಿ ಸ್ಲ್ಯಾಬು ಹಾಕಿಸಿದವನು ನಾನೇ. ಈ ಕೊನೆಯ ಮಾತನ್ನು ಅರ್ಬಾಬರಿಗೆ ಹೇಳಲಿಲ್ಲ.

ಅವರು ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಹೊಸ ಮನೆಯ ಪಕ್ಕದಲ್ಲಿ ತಾಡಪತ್ರಿಯ ಅಡಿಯಲ್ಲಿ ತೆಳು ನೀಲಿ ಬಣ್ಣದ ಹಲಗೆಗಳು ಒಟ್ಟಿದ್ದವು. ಮೂರು ಬೆರಳು ದಪ್ಪ, ಎತ್ತಿದರೆ ಹೂವಿನಷ್ಟು ಹಗುರ. ನಮ್ಮ ಥರ್ಮೋಕೋಲಿನ ಗಟ್ಟಿಮುಟ್ಟಾದ ಅಣ್ಣ ಎನ್ನಬಹುದು. ಈಗ ಇಲ್ಲಿ ಹೊಸ ಮನೆಯ ಮಾಳಿಗೆಗೆ ಇಂಥದ್ದೊಂದು ಹೊದಿಕೆ ಇಲ್ಲದಿದ್ದರೆ ಕಟ್ಟಲು ಪರವಾನಗಿಯೇ ಸಿಗುವುದಿಲ್ಲವಂತೆ. ಹೊಸ ಮಾಳಿಗೆಗೆ ಹಾಸಿ ಉಳಿದ ಈ ಹಲಗೆಗಳು ಚಳಿಗಾಲದಿಂದ ಅಲ್ಲೇ ಬಿದ್ದಿದ್ದವು. ಹಮೀದ್ ದಿನಾ ಅದರ ಪಕ್ಕದಲ್ಲೇ ವ್ಯಾನು ನಿಲ್ಲಿಸುತ್ತಿದ್ದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಗಿತ್ತು. ಕೇಳಬಾರದಿತ್ತೇ ಎಂದು ಅರ್ಬಾಬ್ ಹಮೀದರನ್ನು ಗದರಿದರು. ಬಾಡಿಗೆಗೆ ಇದ್ದವನು ಹೇಗೆ ಕೇಳುವುದು ಎಂದು ಹಮೀದ್ ನೆಲ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಸುಮ್ಮನೆ ಹಲಗೆ ಎಣಿಸುತ್ತ ನಿಂತೆ. ಕೇಳಿದರೆ ಏನಾಗುತ್ತದೆ ಎಂಬುದು ನನ್ನ ಬಾಡಿಗೆಯವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ಬೆಳಗುಗಳು

ಅರ್ಬಾಬ್ ತಮ್ಮ ಕೆಲಸದ ಪೆಶಾವರದ ಮೇಸ್ತ್ರಿಯನ್ನು ಕಳಿಸಿಕೊಟ್ಟರು. ಮಂಗಳವಾರದಿಂದ ಮೂರು ದಿನ, ನಸುಕಿನಿಂದ ಬಿಸಿಲು ಏರುವವರೆಗೆ ಕೆಲಸ. ನಾನು ನೆರಳಿಗೆ ನಿಂತು ನೋಡುವವನು ಮಾತ್ರ. ನೋಡುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಮೊದಲು ಬಿರುಕು ಮುಚ್ಚಿದ. ಆಮೇಲೆ ಹಲಗೆಗಳನ್ನು ಇಟ್ಟಿಗೆಯ ಸಾಲಿನ ಹಾಗೆ ಸಂದು ತಪ್ಪಿಸಿ ಜೋಡಿಸಿದ. ಒಂದು ಮೂಲೆಯಲ್ಲಿ ಕಿರುಬೆರಳು ಹೋಗುವಷ್ಟು ಸಂದು ಉಳಿದಿತ್ತು. ಟೈಲ್ಸ್ ಕೂರಿಸಿದರೆ ಯಾರಿಗೆ ಕಾಣುತ್ತದೆ, ಬಿಡು ಎಂದೆ. ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಕಣ್ಣಿಗೆ ಕಾಣುವುದಿಲ್ಲ ಚಾಚಾ, ಬಿಸಿಲಿಗೆ ಕಾಣುತ್ತದೆ ಎಂದು ಹೇಳಿ ಆ ಸಂದಿಗೂ ಅಳತೆಗೆ ತುಂಡು ಕತ್ತರಿಸಿ ಒತ್ತಿದ. ಯಾರಿಗೆ ಕಾಣುತ್ತದೆ ಎಂಬ ಮಾತಿನ ಮೇಲೆ ನಾನು ಅರ್ಧ ಬಡಾವಣೆ ಕಟ್ಟಿದ್ದೇನೆ.

ಹಲಗೆಗಳ ಮೇಲೆ ದಪ್ಪ ಬಟ್ಟೆ, ಅದರ ಮೇಲೆ ಬಿಳಿ ಟೈಲ್ಸ್. ಬಾಗಿಲ ಅಡಿಯ ಸಂದಿಗೆ ರಬ್ಬರು ಪಟ್ಟಿ, ಏಸಿಯ ಸುತ್ತಲಿನ ತೂತುಗಳಿಗೆ ಫೋಮು. ಗುರುವಾರ ಬೆಳಿಗ್ಗೆ ಎಂಟಕ್ಕೆ ಮುಗಿಯಿತು. ಝೊಹರಾ ಚಹಾ ಕೊಟ್ಟರು. ಟಿಕೆಟಿನ ಮಾತನ್ನು ಯಾರೂ ಎತ್ತಲಿಲ್ಲ. ಸೂಟ್‌ಕೇಸಿನ ಜಿಪ್ಪು ಹಾಕಿಯಾಗಿತ್ತು. ಈ ಸಲ ನಾನು ಯಾವ ಮಾತೂ ಕೊಡಲಿಲ್ಲ.

ಗುರುವಾರ, ಮಧ್ಯಾಹ್ನ

ಊಟಕ್ಕೆ ಇಲ್ಲೇ ಇರಿ ಎಂದು ಹಮೀದ್ ಒತ್ತಾಯಿಸಿದರು. ಉಂಡ ಮೇಲೆ ಅವರು ಅಂಗಡಿಗೆ ಹೋದರು. ನಾನು ಗೋಡೆಗೊರಗಿ ಕೂತಿದ್ದೆ, ಮಗು ಚಾಪೆಯ ಮೇಲೆ ಮಲಗಿತ್ತು. ಎರಡೂವರೆಯ ಹೊತ್ತಿಗೆ ಏಸಿ ಒಮ್ಮೆ ಕಟ್ ಎಂದಿತು. ಲಾರಿಯ ಸದ್ದು ನಿಂತುಹೋಯಿತು.

ಝೊಹರಾ ಅಡುಗೆಮನೆಯಿಂದ ಓಡಿ ಬಂದು ಏಸಿಯನ್ನು ನೋಡಿದರು, ನನ್ನನ್ನು ನೋಡಿದರು. ಫೋನು ಮಾಡಿದ ಎರಡು ನಿಮಿಷಕ್ಕೆ ಹಮೀದ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಏಸಿಗೆ ಎರಡು ಸಲ ಗುದ್ದಿದರು. “ಇದೂ ಹೋಯ್ತು ಮಾರಾಯ್ರೆ. ಇನ್ನು ಯಾವುದಕ್ಕೂ ದಾರಿಯಿಲ್ಲ” ಎಂದು ಮಂಚದ ಮೇಲೆ ಕುಸಿದರು.

ನಾನು ಎದ್ದು ಮಂಚ ಹತ್ತಿ ಛಾವಣಿಗೆ ಅಂಗೈ ಹಚ್ಚಿದೆ. ಸುಡಲಿಲ್ಲ. ಏಸಿಯ ಕೆಂಪು ದೀಪ ಉರಿಯುತ್ತಲೇ ಇತ್ತು.

“ಕೆಟ್ಟಿಲ್ಲ ತಮ್ಮಾ” ಎಂದೆ. “ಅದರ ಕೆಲಸ ಮುಗದೈತಿ. ಅದಕ್ಕ ಕುಂತೈತಿ.”

ಬೇಸಿಗೆ ಶುರುವಾದಾಗಿನಿಂದ ಆ ಏಸಿ ಸುಮ್ಮನಾದದ್ದನ್ನು ಅವರಿಬ್ಬರೂ ಕೇಳಿರಲಿಲ್ಲ. ಏಸಿ ತನ್ನಷ್ಟಕ್ಕೆ ನಿಲ್ಲುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮೂವರೂ ಆ ಕೆಂಪು ದೀಪವನ್ನೇ ನೋಡುತ್ತ ಕಾದೆವು. ಸ್ವಲ್ಪ ಹೊತ್ತಿಗೆ ಅದು ಗುರ್ ಎಂದು ಮತ್ತೆ ಹೊರಟಿತು, ಒಂದಷ್ಟು ಹೊತ್ತು ಓಡಿ ಮತ್ತೆ ನಿಂತಿತು. ಆ ನಿಶ್ಶಬ್ದದಲ್ಲಿ ಕೆಳಗೆ ಅರ್ಬಾಬ್ ಕೆಮ್ಮಿದ್ದೂ ಕೇಳಿಸಿತು.

ಮಗು ನಿದ್ದೆಗಣ್ಣಿನಲ್ಲೇ ಕಾಲು ಮಡಚಿಕೊಂಡು, “ಉಮ್ಮಾ, ಚಳಿ” ಎಂದಿತು.

ಝೊಹರಾ ಕಪಾಟಿಗೆ ಕೈ ಹಾಕಿದರು, ಅದು ಖಾಲಿ. ಕಂಬಳಿ ಸೂಟ್‌ಕೇಸಿನ ತಳದಲ್ಲಿತ್ತು. ಜಿಪ್ಪು ಎಳೆದರು. ಫ್ರಾಕುಗಳು, ತಮ್ಮ ಬಟ್ಟೆಗಳು, ಊರಿನವರಿಗೆಂದು ತೆಗೆದಿಟ್ಟ ಖರ್ಜೂರದ ಡಬ್ಬಿಗಳು, ಎಲ್ಲವನ್ನೂ ಒಂದೊಂದಾಗಿ ಮಂಚದ ಮೇಲೆ ಇಟ್ಟು ಕಂಬಳಿ ಎಳೆದು ಮಗುವಿಗೆ ಹೊದಿಸಿದರು. ಮಂಚದ ಮೇಲಿನ ಬಟ್ಟೆಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ಅವನ್ನು ಎತ್ತಿ ಕಪಾಟಿನಲ್ಲಿ ಇಡತೊಡಗಿದರು. ಹಮೀದ್ ಫೋನು ಹಿಡಿದು ಹೊರಗೆ ಹೋದರು. ಟಿಕೆಟ್ ರದ್ದು ಮಾಡುವ ಮಾತು ಬಾಗಿಲಾಚೆಯಿಂದ ಕೇಳುತ್ತಿತ್ತು. ನನಗೆ ಬಹಳ ಸಂತೋಷವಾಯಿತು, ಅದರಲ್ಲಿ ನನ್ನ ಪಾಲೇನೂ ಇಲ್ಲವೆಂಬುದೂ ಗೊತ್ತಿತ್ತು.

ಮರಳಿ ರಾಯಚೂರು

ಜೂನ್ ಮೊದಲ ವಾರ ಊರಿಗೆ ಬಂದೆ. ಮಳೆಯ ಸುಳಿವಿರಲಿಲ್ಲ. ಓಣಿಯವರಿಗೆಲ್ಲ ಮೂವತ್ತೊಂದನೆಯ ಮಹಡಿಯ ಕಥೆ ಹೇಳಿ, ಖರ್ಜೂರ ಹಂಚಿದೆ. ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಶೈಲಾಳ ಪಾಲಿನ ಖರ್ಜೂರ ಹಿಡಿದು ಮೆಟ್ಟಿಲು ಹತ್ತಿದೆ. ಬಾಡಿಗೆಗೆ ಕೊಟ್ಟ ಮೇಲೆ ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಬಾಗಿಲು ತೆರೆದೇ ಇತ್ತು. ಆಕೆ ಮಂಚ ಬಿಟ್ಟು, ಒದ್ದೆ ಸೀರೆ ಹಾಸಿದ ನೆಲದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ರಾತ್ರಿಯಿಡೀ ನಿಂತು ಬಂದವಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು. ನಾನು ಕುರ್ಚಿ ಎಳೆದು ಹತ್ತಿ, ನಾನೇ ಹಾಕಿಸಿದ ಛಾವಣಿಗೆ ಅಂಗೈ ಹಚ್ಚಿದೆ. ಹತ್ತು ಎಣಿಸುವವರೆಗೆ ಇಡೋಣ ಎಂದುಕೊಂಡಿದ್ದೆ. ನಾಲ್ಕಕ್ಕೆ ಕೈ ತೆಗೆದೆ.

“ಏನ್ ನೋಡ್ಕೊಂಡ್ ಬಂದ್ರಿ ಕಾಕಾ?” ಎಂದಳು ಶೈಲಾ.

“ನಾಳಿಂದ ಒಂದ್ ವಾರ ಕೆಳಗ ನಮ್ಮ ಪಡಸಾಲ್ಯಾಗ ಮಲ್ಕೋ ತಂಗಿ” ಎಂದೆ. “ಮ್ಯಾಲ ಕೆಲಸ ಐತಿ. ಐದ್ ವರ್ಷದ್ ಬಾಕಿ.”